ರಕ್ಷಣೆ ಮೊದಲು, ಜ್ಞಾನ ಅದರ ಹಿಂದೆ: ನನ್ನ ಅನುಭವ

ಬೈಬಲ್ ಪೂರ್ತಿ ಅರ್ಥವಾದ ಮೇಲೆ ಯೇಸುವನ್ನು ನಂಬೋಣ ಅಂತ ತುಂಬಾ ಜನ ಕಾಯುತ್ತಿರುತ್ತಾರೆ. ನನ್ನ ಬದುಕಿನಲ್ಲಿ ಅದು ಹಾಗೆ ನಡೆಯಲಿಲ್ಲ. ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಮೊದಲು ಬಂತು, ತಿಳುವಳಿಕೆ ಅದರ ಹಿಂದೆ ಮೆಲ್ಲಗೆ ಬರುತ್ತಾ ಇದೆ.

ನಾನು ಓದಲು ಹಿಡಿದದ್ದು ಮಾರ್ಕನ ಸುವಾರ್ತೆ. ಬೈಬಲ್‌ನಲ್ಲಿ ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ಒಬ್ಬ ತಂದೆ ಬರುತ್ತಾನೆ. ನಂಬುತ್ತೇನೆ, ಆದರೆ ನನ್ನ ನಂಬಿಕೆ ಸಾಲದು, ಅದಕ್ಕೂ ನೀನೇ ಸಹಾಯ ಮಾಡು ಅಂತ ಕೂಗಿಕೊಳ್ಳುತ್ತಾನೆ. ಯೇಸು ಸ್ವಾಮಿ ಅವನನ್ನು ವಾಪಸ್ ಕಳಿಸಲಿಲ್ಲ, ಮಗನನ್ನು ಗುಣಪಡಿಸಿದರು. ಅಷ್ಟು ನಂಬಿಕೆ ನನ್ನಲ್ಲೂ ಇತ್ತು.

ಆಮೇಲೆ ಲೂಕನ ಸುವಾರ್ತೆಯ 23ನೇ ಅಧ್ಯಾಯ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಒಬ್ಬ ಅಪರಾಧಿಗೆ ಒಂದು ಒಳ್ಳೆಯ ಕೆಲಸ ಮಾಡಲೂ ಸಮಯ ಉಳಿದಿರಲಿಲ್ಲ. ನನ್ನನ್ನು ನೆನಪಿಸಿಕೋ ಅಂದ, ಅಷ್ಟೇ. ಇವತ್ತೇ ನನ್ನ ಜೊತೆ ಇರುತ್ತೀ ಅನ್ನುವ ಯೇಸುವಿನ ಮಾತು ಅವನಿಗೆ ಸಿಕ್ಕಿತು. ರಕ್ಷಣೆ ನಮ್ಮ ಸಂಪಾದನೆಯಲ್ಲ, ಕೃಪೆಯಿಂದ ಬರುವ ದಾನ ಅಂತ ಅಪೊಸ್ತಲ ಪೌಲ ಎಫೆಸದವರಿಗೆ ಬರೆದ ಪತ್ರದ 2:8ರಲ್ಲಿ (2ನೇ ಅಧ್ಯಾಯ, 8ನೇ ವಚನ) ಹೇಳಿದ್ದು ನನಗೆ ಅರ್ಥವಾದದ್ದೇ ಈ ಮನುಷ್ಯನಿಂದ. ಬಾಗಿಲು ಹಾಕಿಕೊಂಡು ಮೊಣಕಾಲೂರಿದೆ. ನನ್ನ ಪಾಪಗಳನ್ನು ಸುಮ್ನೆ ಒಟ್ಟಾರೆ ಹೇಳದೆ ಒಂದೊಂದನ್ನೂ ಹೆಸರು ಹಿಡಿದು ಹೇಳಿದೆ, ಕ್ಷಮಿಸು ಅಂದೆ, ಇನ್ನು ಮುಂದೆ ನೀನೇ ನನ್ನ ಕರ್ತನು ಅಂದೆ. ಬೆಳಕೂ ಕಾಣಲಿಲ್ಲ, ಧ್ವನಿಯೂ ಕೇಳಲಿಲ್ಲ. ಎದೆಯ ಭಾರ ಮಾತ್ರ ಇಳಿದಿತ್ತು.

ಜ್ಞಾನದ ವಿಷಯಕ್ಕೆ ಬಂದರೆ, ಬೈಬಲ್‌ನಲ್ಲಿರುವ ಯಾಕೋಬನ ಪತ್ರದ 1:5 ನನಗೆ ದಿನದ ಕೆಲಸದ ವಚನ. ಜ್ಞಾನ ಕಡಿಮೆಯಿದ್ದವನು ದೇವರನ್ನು ಕೇಳಲಿ, ಆತನು ಹಂಗಿಸದೆ ಕೊಡುತ್ತಾನೆ. ಹಂಗಿಸದೆ! ಮನುಷ್ಯರ ಹತ್ತಿರ ಬುದ್ಧಿ ಕೇಳಲು ಹೋದರೆ ಅದೊಂದು ಸಿಗುವುದು ಕಷ್ಟ, ಅಲ್ವಾ? ಆದರೆ ಮನಸ್ಸಿಗೆ ಹೊಳೆದದ್ದೆಲ್ಲ ದೇವರದ್ದೇ ಅಂತ ನಾನು ಹಿಡಿದುಕೊಳ್ಳುವುದಿಲ್ಲ. ಅದೇ ಪತ್ರದ 3:17ಕ್ಕೆ ಒರೆ ಹಚ್ಚುತ್ತೇನೆ. ಮೇಲಿನಿಂದ ಬರುವ ಜ್ಞಾನ ಶುದ್ಧವಾದದ್ದು, ಸಮಾಧಾನದ್ದು, ಕರುಣೆ ತುಂಬಿದ್ದು, ಕಪಟವಿಲ್ಲದ್ದು.

ಒಮ್ಮೆ ಹಣದ ವಿಷಯಕ್ಕೆ ಅಣ್ಣ ಖಾರವಾದ ಮೆಸೇಜ್ ಕಳಿಸಿದ್ದ. ನಾನೂ ಹಳೆಯ ಲೆಕ್ಕವನ್ನೆಲ್ಲ ಎತ್ತಿ ಉದ್ದದ ಉತ್ತರ ಟೈಪ್ ಮಾಡಿದ್ದೆ. ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಕಳಿಸುವ ಮುಂಚೆ ಆ ವಚನದ ಒಂದೊಂದು ಪದವನ್ನೂ ಪಕ್ಕದಲ್ಲಿಟ್ಟು ನೋಡಿದೆ. ಶುದ್ಧ, ಸರಿ. ಸಮಾಧಾನ? ಇಲ್ಲ. ಕರುಣೆ? ಒಂದು ಸಾಲಿನಲ್ಲೂ ಇಲ್ಲ. ಪೂರ್ತಿ ಅಳಿಸಿ, "ಅಣ್ಣಾ, ಕೂತು ಮಾತಾಡೋಣ, ನಿನ್ನ ಲೆಕ್ಕ ಮೊದಲು ಕೇಳ್ತೀನಿ" ಅಂತ ಬರೆದೆ. ಲೆಕ್ಕ ಇನ್ನೂ ಪೂರ್ತಿ ಬಗೆಹರಿದಿಲ್ಲ, ಮಾತು ಮಾತ್ರ ನಿಂತಿಲ್ಲ. ಇಷ್ಟು ತಾಳ್ಮೆ ನನ್ನ ಸ್ವಭಾವದಲ್ಲಿ ಇರಲಿಲ್ಲ, ನನ್ನನ್ನು ಬಲ್ಲವರಿಗೆಲ್ಲ ಅದು ಗೊತ್ತು. ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 1:30ರಲ್ಲಿ ಪೌಲ ಕ್ರಿಸ್ತನನ್ನೇ ನಮ್ಮ ಜ್ಞಾನ ಅನ್ನುತ್ತಾನೆ. ಆತನ ಜೊತೆ ಇದ್ದಷ್ಟೂ ಆತನ ರೀತಿ ನಮಗೆ ಹತ್ತುತ್ತದೆ ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ.

ಈಗ ಶುರು ಮಾಡುವವರು ಮಾರ್ಕ ಓದಿ, ಆಮೇಲೆ ಯಾಕೋಬ, ಐದೇ ಅಧ್ಯಾಯ. ಬೈಬಲ್‌ನ ಜ್ಞಾನೋಕ್ತಿಗಳು ಅನ್ನುವ ಪುಸ್ತಕದಲ್ಲಿ 31 ಅಧ್ಯಾಯ ಇರುವುದರಿಂದ ಆ ದಿನದ ತಾರೀಖಿನದ್ದನ್ನು ಓದುವುದು ಸುಲಭ. ಒಬ್ಬರೇ ಓದಬೇಡಿ. ಸಭೆಯಲ್ಲಿ (ಚರ್ಚ್‌ನಲ್ಲಿ) ಬಹಳ ವರ್ಷ ನಂಬಿಕೆಯಲ್ಲಿ ನಡೆದ ಒಬ್ಬ ಹಿರಿಯರನ್ನು ಹುಡುಕಿಕೊಂಡು, ಅರ್ಥವಾಗದ್ದನ್ನು ಸಂಕೋಚವಿಲ್ಲದೆ ಕೇಳಿ.