ಅಕ್ಟೋಬರ್ ರಜೆಯಲ್ಲಿ ಲಾವೋಸ್: ಬ್ಯಾಗಿಗಿಂತ ಮೊದಲು ಪಾಸ್‌ಪೋರ್ಟ್

ನಾನು ಹಾಸನದವಳು. ಥಾಯ್ಲೆಂಡಿನ ಅಯುತ್ತಯಾದಲ್ಲಿ ಒಂದು ಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಇಲ್ಲಿ ವರ್ಷಕ್ಕೆ ಎರಡು ದೊಡ್ಡ ರಜೆ. ಒಂದು ಬೇಸಿಗೆಯದು, ಮೇ ನಡುವಿನವರೆಗೆ. ಇನ್ನೊಂದು ಅಕ್ಟೋಬರ್‌ನಲ್ಲಿ, ಸುಮಾರು 3 ವಾರ. ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಲಾವೋಸ್ ಸುತ್ತಿ ಬರಬೇಕು ಅನ್ನೋದು ಇಲ್ಲಿಗೆ ಬಂದಾಗಿನ ಆಸೆ. 2024ರಲ್ಲಿ ಕೈಗೂಡಿತು.

ಬೇಸಿಗೆ ರಜೆ ಉದ್ದ ಇದೆ, ಅದರಲ್ಲೇ ಹೋಗೋಣ ಅಂತ ಮೊದಲು ಅಂದುಕೊಂಡಿದ್ದೆ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಉತ್ತರ ಥಾಯ್ಲೆಂಡ್‌ನಲ್ಲೂ ಲಾವೋಸ್‌ನಲ್ಲೂ ಹೊಲ, ಕಾಡು ಸುಡುವ ಕಾಲ. ಹೊಗೆ ಕವಿದು ಎದುರಿನ ಗುಡ್ಡವೂ ಸರಿಯಾಗಿ ಕಾಣೋದಿಲ್ಲ. ಗುಡ್ಡ, ನದಿ ನೋಡಲಿಕ್ಕೆ ಹೋಗುವವರಿಗೆ ಅಕ್ಟೋಬರೇ ಸರಿ. ಮಳೆ ಹಿಂದೆ ಸರಿಯುತ್ತಿರುತ್ತದೆ, ಮೆಕಾಂಗ್ ತುಂಬಿ ಹರಿಯುತ್ತಿರುತ್ತದೆ.

ಅದರ ಹಿಂದಿನ ವರ್ಷ ಆತುರ ಮಾಡಿ ಕೆಟ್ಟಿದ್ದೆ. ಮಕ್ಕಳಿಗೆ ರಜೆ ಅಂದರೆ ನಮಗೂ ರಜೆ ಅಂದುಕೊಂಡು ಟಿಕೆಟ್ ತೆಗೆದೆ. ಆಮೇಲೆ ಶಾಲೆಯವರು ಮೊದಲ ವಾರ ಶಿಕ್ಷಕರೆಲ್ಲ ಬರಬೇಕು ಅಂದರು. ದುಡ್ಡು ಹೋಯಿತು. ಈ ಸಲ ರಜೆಯ ತಾರೀಖು ಬರೆದು ಕೊಡುವವರೆಗೆ ಒಂದು ಹಾಸಿಗೆಯನ್ನೂ ಕಾದಿರಿಸಲಿಲ್ಲ. ಕೆಲಸದ ಕರಾರು ಪತ್ರವನ್ನೂ ಮತ್ತೊಮ್ಮೆ ಓದಿದೆ. ಕೆಲವು ಶಾಲೆಗಳು ವರ್ಷದಲ್ಲಿ 10 ತಿಂಗಳ ಸಂಬಳ ಮಾತ್ರ ಕೊಡುತ್ತವೆ. ಅಂಥ ಕರಾರು ಇದ್ದರೆ ತಿರುಗಾಟದ ಲೆಕ್ಕವೇ ಬೇರೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಇದಕ್ಕಾಗಿಯೇ ಇದನ್ನು ಬರೆಯಲು ಕೂತೆ ಅಂದರೂ ಸರಿ. ಒಂದು ಮಧ್ಯಾಹ್ನ ಊಟ ಮಾಡುತ್ತಾ ನನ್ನ ಮಾರ್ಗ ವಿವರಿಸುತ್ತಿದ್ದೆ. ಎದುರಿಗೆ ಕೂತಿದ್ದ ಫಿಲಿಪ್ಪೀನ್ಸ್‌ನ ಟೀಚರ್ ಎಲ್ಲಾ ಕೇಳಿ, ಚಮಚ ಕೆಳಗಿಟ್ಟು, "ರೀ-ಎಂಟ್ರಿ ಮಾಡಿಸಿದ್ರಾ?" ಅಂದರು. ಅದು ಏನು ಅಂತಲೂ ನನಗೆ ಗೊತ್ತಿರಲಿಲ್ಲ. ಥಾಯ್ಲೆಂಡಿನಲ್ಲಿ ನಮ್ಮ ಕೆಲಸದ ವೀಸಾವನ್ನು ವರ್ಷ ವರ್ಷ ಮುಂದುವರಿಸುತ್ತಾರೆ. ಹಾಗೆ ಸಿಕ್ಕ ಅನುಮತಿ ಇಟ್ಟುಕೊಂಡು ರೀ-ಎಂಟ್ರಿ ಪರ್ಮಿಟ್, ಅಂದರೆ ವಾಪಸ್ ಬರಲು ಮೊದಲೇ ಪಡೆಯುವ ಪರವಾನಗಿ, ಇಲ್ಲದೆ ಗಡಿ ದಾಟಿದರೆ ಆ ಅನುಮತಿ ಅಲ್ಲಿಗೇ ಮುಗಿಯಿತು. ವಾಪಸ್ ಬಂದಾಗ ಪ್ರವಾಸಿ ಅಂತ ಒಳಗೆ ಬಿಡಬಹುದು. ಆದರೆ ಪ್ರವಾಸಿ ಮುದ್ರೆ ಇಟ್ಟುಕೊಂಡು ತರಗತಿಗೆ ಹೋಗುವ ಹಾಗಿಲ್ಲ. ವೀಸಾ ಕೆಲಸವೆಲ್ಲ ಮತ್ತೆ ಮೊದಲಿಂದ ಶುರು.

ಮಾಡಿಸುವುದು ಮಾತ್ರ ಸುಲಭ. ಟಿಎಂ 8 ಅನ್ನುವ ಫಾರಂ, ಒಂದು ಫೋಟೋ, ಪಾಸ್‌ಪೋರ್ಟ್ ಜೆರಾಕ್ಸ್. ಒಂದು ಸಲ ಹೋಗಿ ಬರುವುದಕ್ಕೆ 1,000 ಬಾತ್, ಎಷ್ಟು ಸಲವಾದರೂ ಹೋಗಿ ಬರಲು 3,800 ಬಾತ್. ವರ್ಷದಲ್ಲಿ ನಾಲ್ಕು ಸಲ ಹೊರಗೆ ಹೋಗುವವರಿಗೆ ಎರಡನೆಯದು ಲಾಭ. ಇಮಿಗ್ರೇಷನ್ ಕಚೇರಿಗೆ ಬೇಗ ಹೋಗಿಬಿಡಿ, ಯಾಕೆಂದರೆ ಅಕ್ಟೋಬರ್ 13 ಮತ್ತು 23 ಎರಡೂ ಸರ್ಕಾರಿ ರಜೆ. ಆ ದಿನಗಳ ಆಸುಪಾಸಿನಲ್ಲಿ ಬಸ್ಸು, ರೈಲೂ ತುಂಬಿರುತ್ತವೆ. ಈಗ ಇನ್ನೊಂದು ಸೇರಿಕೊಂಡಿದೆ. 2025ರ ಮೇ 1ರಿಂದ ಥಾಯ್ಲೆಂಡಿಗೆ ಬರುವ ವಿದೇಶಿಯರೆಲ್ಲ ಬರುವುದಕ್ಕೆ ಮುಂಚಿನ 3 ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಇಲ್ಲೇ ಕೆಲಸ ಮಾಡುವ ನಮಗೂ ಅದು ತಪ್ಪಿದ್ದಲ್ಲ.

ಮಾರ್ಗ ಹಾಕುವಾಗ ಮಳೆಯದೇ ಚಿಂತೆ. ಆ ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತದ ಮಳೆಗೆ ಉತ್ತರ ಥಾಯ್ಲೆಂಡಿನ ಚಿಯಾಂಗ್ ರಾಯ್ ಊರಿಗೆ ನೀರು ನುಗ್ಗಿತ್ತು. ಹಾಗಾಗಿ ಯಾವ ತುದಿಯಿಂದ ಬೇಕಾದರೂ ಶುರು ಮಾಡಬಹುದಾದ ದಾರಿ ಹಾಕಿದೆ. ಚಿಯಾಂಗ್ ಖೋಂಗ್‌ನಲ್ಲಿ ಗಡಿ ದಾಟಿ ದೋಣಿಯಲ್ಲಿ ಲುವಾಂಗ್ ಪ್ರಬಾಂಗ್, ಅಲ್ಲಿಂದ ರೈಲಲ್ಲಿ ವಾಂಗ್ ವಿಯೆಂಗ್, ವಿಯೆಂಟಿಯಾನ್, ಕೊನೆಗೆ ಸೇತುವೆ ದಾಟಿ ಥಾಯ್ಲೆಂಡಿನ ನೋಂಗ್ ಖಾಯ್. ಉತ್ತರದಲ್ಲಿ ಮತ್ತೆ ನೀರು ಬಂದರೆ ನೋಂಗ್ ಖಾಯ್‌ನಿಂದ ಹೊರಟು ಇದನ್ನೇ ತಿರುಗಾಮುರುಗಾ ಮಾಡುವುದು ಅಂತ. ಹಾಗೆ ಮಾಡುವ ಪ್ರಸಂಗ ಬರಲಿಲ್ಲ.

ಹೊರಟಿದ್ದು ಅಕ್ಟೋಬರ್ 12ರ ರಾತ್ರಿ, ವಿಜಯದಶಮಿ ದಿನ. ಅಮ್ಮ ಫೋನಲ್ಲಿ, "ಹಬ್ಬದ ದಿನ ಊರು ಬಿಡ್ತಾರೇನೇ? ಅದೂ ಒಬ್ಬಳೇ" ಅಂದರು. ದಶಮಿ ದಿನ ಹೊರಟರೆ ಒಳ್ಳೇದೇ ಅಲ್ವಾ ಅಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಟ್ನಿಪುಡಿ ತಗೊಂಡ್ಯಾ?" ಅಂತ ಕೇಳಿದರು.

13ರ ಸಂಜೆಯೇ ಗಡಿ ದಾಟಿ ಹುವಾಯ್ ಸಾಯ್‌ನಲ್ಲಿ ಉಳಿದೆ. ದೋಣಿ ಬೆಳಿಗ್ಗೆ ಹೊರಡುತ್ತದೆ. ಅದೇ ದಿನ ಗಡಿ ದಾಟಿ ಹಿಡಿಯುತ್ತೇನೆ ಅಂದರೆ ಎದೆ ಬಡಿತ ಜಾಸ್ತಿ. ಸೇತುವೆಯನ್ನು ನಡೆದು ದಾಟಲು ಬಿಡುವುದಿಲ್ಲ, ಅವರದೇ ಬಸ್ಸು ಇದೆ. ಲಾವೋಸ್ ವೀಸಾ ಭಾರತೀಯರಿಗೆ ಅಲ್ಲೇ ಸಿಗುತ್ತದೆ. ಮಡಿಕೆ, ಗೀಚು ಇಲ್ಲದ ಡಾಲರ್ ನೋಟು, ಒಂದು ಫೋಟೋ ಕೈಯಲ್ಲಿರಲಿ.

ದೋಣಿ ಪ್ರಯಾಣ 2 ದಿನ, ನಡುವೆ ಪಾಕ್‌ಬೆಂಗ್‌ನಲ್ಲಿ ರಾತ್ರಿ. ಹಳೇ ವ್ಯಾನುಗಳ ಸೀಟು ಕಿತ್ತು ತಂದು ಸಾಲಾಗಿ ಇಟ್ಟಿದ್ದರು. ಎಂಜಿನ್ ಹಿಂದೆ ಇರುತ್ತದೆ, ಅದಕ್ಕೇ ಮುಂದೆ ಕೂತೆ. ನಾನು ಸಸ್ಯಾಹಾರಿ. ಲಾವೋಸ್‌ನಲ್ಲಿ ಮಾಂಸ ಬೇಡ ಅಂದರೆ ಸಾಲದು, ಮೀನಿನ ರಸವೂ ಬೇಡ ಅನ್ನಬೇಕು. "ಬೋ ಸೈ ಸಿನ್, ಬೋ ಸೈ ನಾಮ್ ಪಾ" ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದೆ. ದೋಣಿಯಲ್ಲಿ ಆ ಗೊಡವೆಯೇ ಬೇಡ ಅಂತ ಹುವಾಯ್ ಸಾಯ್ ಸಂತೆಯಲ್ಲಿ ಬರೀ ಖಾವ್ ನಿಯಾವ್ ಕಟ್ಟಿಸಿಕೊಂಡೆ. ಅದು ಅಂಟು ಅನ್ನ. ಬೆರಳಲ್ಲಿ ಚಿಕ್ಕ ಉಂಡೆ ಮಾಡಿ, ಏನಕ್ಕಾದರೂ ಅದ್ದಿ ತಿನ್ನುತ್ತಾರೆ. ನಾನು ಅಮ್ಮನ ಚಟ್ನಿಪುಡಿಗೆ ಅದ್ದಿದೆ. ಹುಣಸೆ, ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ ಆ ಅನ್ನಕ್ಕೆ ಎಷ್ಟು ಹೊಂದಿತು ಅಂದರೆ ಎರಡು ದಿನ ಅದೇ ಊಟ. ಪಕ್ಕದ ಅಜ್ಜಿ ತಮ್ಮ ಬಿದಿರು ಬುಟ್ಟಿಯ ಮುಚ್ಚಳ ತೆಗೆದು ಉಂಡೆ ಮಾಡಿ ನನ್ನ ಪುಡಿಗೆ ಕೈ ಚಾಚಿದರು. ತಿಂದು, ಕಣ್ಣರಳಿಸಿ, ಮತ್ತೆ ಚಾಚಿದರು.

ಲುವಾಂಗ್ ಪ್ರಬಾಂಗ್ ಮುಟ್ಟಿದ್ದು 15ಕ್ಕೆ. ಹುಣ್ಣಿಮೆ 17ಕ್ಕೆ. ಬೌದ್ಧ ಭಿಕ್ಷುಗಳ ಮಳೆಗಾಲದ ವ್ರತ ಮುಗಿಯುವ ಹಬ್ಬ ಆಗಲೇ ಬರುತ್ತದೆ. ಕಾಗದ, ಬಿದಿರಿನ ದೊಡ್ಡ ದೊಡ್ಡ ದೋಣಿಗಳಲ್ಲಿ ದೀಪ ಹಚ್ಚಿ ಮೆಕಾಂಗ್‌ಗೆ ಬಿಡುತ್ತಾರೆ. ಈ ಒಂದು ಹಬ್ಬಕ್ಕಾಗಿಯೇ ನಾನು ತಾರೀಖು ಹೊಂದಿಸಿದ್ದು. ಹಬ್ಬದ ಕೋಣೆಯೊಂದನ್ನು ಮಾತ್ರ ತಿಂಗಳು ಮುಂಚೆ ಕಾದಿರಿಸಿದ್ದೆ. ಬೇರೆಲ್ಲಾ ಹೋದಲ್ಲೇ ಹುಡುಕಿದೆ.

ಮುಂದಿನದು ಸಲೀಸು. ಚೀನಾದವರೆಗೆ ಹೋಗುವ ರೈಲು 2021ರ ಡಿಸೆಂಬರ್‌ನಲ್ಲಿ ಶುರುವಾದ ಮೇಲೆ ವಿಯೆಂಟಿಯಾನ್‌ಗೆ 2 ಗಂಟೆ ಸಾಕು. ನಿಲ್ದಾಣ ಊರಿಂದ ದೂರ, ಬೇಗ ಹೊರಡಿ. ತಪಾಸಣೆಯಲ್ಲಿ ನನ್ನ ಸೊಳ್ಳೆ ಸ್ಪ್ರೇ ಡಬ್ಬ, ಹಣ್ಣು ಹೆಚ್ಚುವ ಚಾಕು ಎರಡನ್ನೂ ತೆಗೆದಿಟ್ಟುಕೊಂಡರು. ಉಳಿದ ಕಿಪ್ (ಲಾವೋಸ್ ಹಣ) ನೋಟನ್ನು ವಿಯೆಂಟಿಯಾನ್‌ನಲ್ಲೇ ಬದಲಿಸಿಕೊಳ್ಳಿ, ಗಡಿಯಾಚೆ ಅದನ್ನು ಕೊಳ್ಳುವವರು ಸಿಗೋದು ಕಷ್ಟ.

ನೋಂಗ್ ಖಾಯ್‌ನಲ್ಲಿ ಅಧಿಕಾರಿ ಪುಟ ತಿರುವಿ ತಿರುವಿ, ಪರ್ಮಿಟ್ ಇದ್ದ ಪುಟದಲ್ಲಿ ಬೆರಳಿಟ್ಟು ನಿಲ್ಲಿಸಿದರು. ಠಸ್ಸೆ ಒತ್ತಿ ಹಳೆಯ ವೀಸಾದ ತಾರೀಖನ್ನೇ ಬರೆದು, "ಖ್ರೂ?" ಅಂತ ಕೇಳಿದರು. ಟೀಚರಾ ಅಂತ. ಹೌದು ಅಂದೆ. ಆ ರಾತ್ರಿಯ ರೈಲಲ್ಲಿ ಮೇಲಿನ ಬರ್ತ್ ಸಿಕ್ಕಿತು. ಬೆಳಗಿನ ಜಾವ ಅಯುತ್ತಯಾದಲ್ಲಿ ಇಳಿದಾಗ ಬ್ಯಾಗಿನಲ್ಲಿ ಖಾಲಿ ಚಟ್ನಿಪುಡಿ ಡಬ್ಬ ಕಡಕಡ ಅನ್ನುತ್ತಿತ್ತು.