ಗ್ರಾಮೀಣ ಯುವಜನರ ಉದ್ಯೋಗ ತರಬೇತಿ ಕೇಂದ್ರ ನಡೆಸಲು ಸಿದ್ಧರಾಗುವ ಬಗೆ

ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದೊಂದಿಗೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ, ಗ್ರಾಮೀಣ ಯುವಜನರಿಗೆ ಸ್ವ-ಉದ್ಯೋಗ ತರಬೇತಿ ನೀಡುವ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನೇ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಮುಂದೆ ಆರ್‌ಸೆಟಿ (ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ) ಎಂಬ ಹೆಸರಿನಲ್ಲಿ ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ಊಟ, ವಸತಿ ಸಹಿತ ಉಚಿತ ಅಲ್ಪಾವಧಿ ತರಬೇತಿ, ಬ್ಯಾಂಕ್ ಸಾಲಕ್ಕೆ ನೆರವು, ತರಬೇತಿಯ ನಂತರ ಎರಡು ವರ್ಷಗಳ ಅನುಸರಣೆ, ಅಂದರೆ ಶಿಬಿರಾರ್ಥಿಗಳ ಸಂಪರ್ಕದಲ್ಲಿದ್ದು ನೆರವಾಗುವುದು, ಇದರ ಮುಖ್ಯ ಅಂಗಗಳು. ಈ ಕ್ಷೇತ್ರದಲ್ಲಿ ನಾಯಕತ್ವ ಬಯಸುವವರು ಎಲ್ಲಕ್ಕಿಂತ ಹೆಚ್ಚಾಗಿ ಅನುಸರಣೆಯನ್ನು ಕಲಿಯಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಆರ್‌ಸೆಟಿಯ ನಿರ್ದೇಶಕರನ್ನು ಸಾಮಾನ್ಯವಾಗಿ ಕೇಂದ್ರವನ್ನು ನಡೆಸುವ ಪ್ರಾಯೋಜಕ ಬ್ಯಾಂಕೇ ತನ್ನ ಅಧಿಕಾರಿಗಳಿಂದ ಆರಿಸಿ ಕಳುಹಿಸುತ್ತದೆ. ಆದ್ದರಿಂದ ಸಮಾಜಕಾರ್ಯ, ಗ್ರಾಮೀಣಾಭಿವೃದ್ಧಿ ಅಥವಾ ವಾಣಿಜ್ಯ ಓದಿದವರು ಅಲ್ಲಿ ಉಪನ್ಯಾಸಕರಾಗಿ ಸೇರಿ ಅನುಭವ ಪಡೆಯುವುದು ಸೂಕ್ತ. ಕೇಂದ್ರದ ಮುಖ್ಯಸ್ಥರಾಗುವ ಗುರಿಯಿದ್ದರೆ ಸ್ವಯಂಸೇವಾ ಸಂಸ್ಥೆಗಳಲ್ಲೂ, 2014ರಲ್ಲಿ ಆರಂಭವಾದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯನ್ನು ಜಾರಿಗೊಳಿಸಿದಂಥ ತರಬೇತಿ ಸಂಸ್ಥೆಗಳಲ್ಲೂ ದಾರಿಯಿದೆ.

ಕೆಲಸಕ್ಕೆ ಸೇರಿದ ಮೇಲೆ ಮೊದಲು ಶಿಬಿರಾರ್ಥಿಗಳ ಆಯ್ಕೆಯಲ್ಲಿ ನುರಿತವರಾಗಬೇಕು. ಬ್ಯಾಚ್ ಭರ್ತಿಯಾಗಲಿ ಎಂದು ಹೊಲಿಗೆಯಲ್ಲಿ ಆಸಕ್ತಿಯೇ ಇಲ್ಲದ ಯುವತಿಯನ್ನು ಹೊಲಿಗೆ ತರಬೇತಿಗೆ ಸೇರಿಸಿಕೊಂಡರೆ ಆ ಯುವತಿಯ ದಿನಗಳೂ ಸಂಸ್ಥೆಯ ಹಣವೂ ವ್ಯರ್ಥ. ಸಂದರ್ಶನದಲ್ಲಿ ಮನೆಯಲ್ಲಿ ದುಡಿಯುವವರು ಯಾರು, ಊರಿನಲ್ಲಿ ಆ ಕಸುಬಿಗೆ ಗಿರಾಕಿಗಳಿದ್ದಾರೆಯೇ, ಹಳೆಯ ಸಾಲವೇನಾದರೂ ಬಾಕಿಯಿದೆಯೇ ಎಂದು ಸಮಾಧಾನದಿಂದ ಕೇಳಬೇಕು. ಹೆಣ್ಣುಮಕ್ಕಳು ವಸತಿ ಶಿಬಿರಕ್ಕೆ ಬರಲು ಹಿಂಜರಿದರೆ, ತಂದೆ ತಾಯಿಯನ್ನು ಒಮ್ಮೆ ಕೇಂದ್ರಕ್ಕೇ ಕರೆಸಿ ವಸತಿ ಕೊಠಡಿ, ಅಡುಗೆಮನೆಗಳನ್ನು ತೋರಿಸುವುದು ಹತ್ತು ಬಾರಿ ಫೋನ್ ಮಾಡುವುದಕ್ಕಿಂತ ಫಲಕಾರಿ.

ಬ್ಯಾಂಕಿನ ವ್ಯವಹಾರ ತಿಳಿಯದೆ ಈ ವೃತ್ತಿಯಲ್ಲಿ ಮುಂದುವರಿಯುವುದು ಕಷ್ಟ. ಯಂತ್ರದ ಕೊಟೇಶನ್, ಯೋಜನಾ ವರದಿ, ಆಧಾರ್‌ನಲ್ಲೂ ಪಾಸ್‌ಬುಕ್‌ನಲ್ಲೂ ಒಂದೇ ರೀತಿಯಲ್ಲಿರುವ ಹೆಸರು, ಇವುಗಳಲ್ಲಿ ಒಂದು ತಪ್ಪಿದರೂ ಅರ್ಜಿ ಮ್ಯಾನೇಜರರ ಮೇಜಿನ ಮೇಲೆಯೇ ಉಳಿಯುತ್ತದೆ. ಆದ್ದರಿಂದ ತರಬೇತಿ ಮುಗಿಯುವ ಮುನ್ನವೇ ಶಾಖೆಯ ಸಿಬ್ಬಂದಿಯನ್ನು ತರಗತಿಗೆ ಆಹ್ವಾನಿಸಿ, ಶಿಬಿರಾರ್ಥಿಗಳೇ ತಮ್ಮ ಲೆಕ್ಕವನ್ನು ಅವರ ಮುಂದೆ ವಿವರಿಸುವಂತೆ ಮಾಡಿರಿ.

ಇನ್ನು ಅನುಸರಣೆ. ಪ್ರತಿಯೊಬ್ಬರ ಹೆಸರಿಗೂ ವಹಿಯಲ್ಲಿ ಒಂದೊಂದು ಪುಟವಿರಲಿ. ಸಾಲ ಮಂಜೂರಾದ ದಿನ, ಕೆಲಸ ಆರಂಭಿಸಿದ ದಿನ, ತಿಂಗಳ ಆದಾಯ, ಎದುರಾದ ತೊಡಕು ಎಲ್ಲವೂ ಅಲ್ಲಿ ದಾಖಲಾಗಲಿ. “ಹೇಗಿದ್ದೀರಿ?” ಎಂದರೆ “ಚೆನ್ನಾಗಿದ್ದೇನೆ ಸರ್” ಎಂಬ ಉತ್ತರವಷ್ಟೇ ಬರುತ್ತದೆ, “ಈ ವಾರ ಎಷ್ಟು ರವಿಕೆ ಹೊಲಿದಿರಿ, ಎಷ್ಟು ದುಡ್ಡು ಬಂತು?” ಎಂದು ಕೇಳಿದಾಗ ವಸ್ತುಸ್ಥಿತಿ ತಿಳಿಯುತ್ತದೆ. ಕರೆ ಸ್ವೀಕರಿಸದವರ ಮನೆಗೆ ಹೋಗಲೇಬೇಕು, ಏಕೆಂದರೆ ಕೆಲಸ ಕೈಬಿಟ್ಟವರು ಸಂಕೋಚದಿಂದ ಮೌನವಾಗಿರುತ್ತಾರೆ. ಸಿಬ್ಬಂದಿ ಬದಲಾದಾಗ ಈ ವಹಿಯನ್ನು ಹೊಸಬರಿಗೆ ಒಪ್ಪಿಸಿ, ತೊಂದರೆಯಲ್ಲಿರುವವರ ಮನೆಗಳಿಗೆ ಅವರನ್ನು ಜೊತೆಯಲ್ಲೇ ಕರೆದೊಯ್ದು ಪರಿಚಯಿಸಿರಿ.