ಸೈಕಲ್ ಬೇಡ ಎನ್ನುವ ಮಗುವಿಗೆ ಮೊದಲು ಪೆಡಲ್ ಬಿಚ್ಚಿಕೊಡಿ

ಹೊಸ ಸೈಕಲ್ ಬಂದು ತಿಂಗಳಾಯಿತು, ಮಗು ಮಾತ್ರ ಹತ್ತಿರ ಸುಳಿಯುತ್ತಿಲ್ಲ. ಗದರಿಸುವ ಮುನ್ನ ಸೀಟಿನ ಎತ್ತರ ನೋಡಿ. ಕಾಲು ನೆಲಕ್ಕೆ ಎಟುಕದಿದ್ದರೆ ಯಾರಿಗಾದರೂ ಭಯವೇ.

ಎರಡೂ ಪಾದ ಪೂರ್ತಿ ಊರುವಷ್ಟು ಸೀಟು ಇಳಿಸಿ. ‘ಹೇಗೂ ಬೆಳೀತಾನೆ’ ಎಂದು ದೊಡ್ಡ ಸೈಕಲ್ ತರಬೇಡಿ. ಐದಾರು ವರ್ಷದವರಿಗೆ ಸಾಮಾನ್ಯವಾಗಿ 16 ಇಂಚಿನ ಚಕ್ರ ಸಾಕು.

ಆಮೇಲೆ, ನೆಲ ಒದೆಯುವ ಕಾಲಿಗೆ ಅಡ್ಡ ಬರದಂತೆ ಪೆಡಲ್ ಬಿಚ್ಚಿ. ಹೆಚ್ಚಿನವಕ್ಕೆ 15 ಮಿ.ಮೀ. ಸ್ಪ್ಯಾನರ್ ಹಿಡಿಯುತ್ತದೆ. ಎಡ ಪೆಡಲಿನ ತಿರುಪು ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೇ ತಿರುಗಿಸಿ ಸಡಿಲಿಸಬೇಕು. ಪಕ್ಕದ ಪುಟ್ಟ ಚಕ್ರಗಳನ್ನೂ ತೆಗೆಯಿರಿ. ಸೈಕಲ್ ಎತ್ತ ವಾಲುತ್ತದೋ ಅತ್ತಲೇ ಹ್ಯಾಂಡಲ್ ತುಸು ತಿರುಗಿಸಿದರೆ ಅದು ನೆಟ್ಟಗಾಗುತ್ತದೆ. ಬ್ಯಾಲೆನ್ಸ್ ಎಂದರೆ ಮುಖ್ಯವಾಗಿ ಇದೇ. ಆ ಚಕ್ರಗಳು ವಾಲಲು ಬಿಡುವುದೇ ಇಲ್ಲ, ಇನ್ನು ಕಲಿಯುವುದೆಲ್ಲಿಂದ?

ಅಪ್ಪನ ಎತ್ತರದ ಸೈಕಲ್ಲಿನ ಸಂದಿಯಲ್ಲಿ ಕಾಲು ತೂರಿಸಿ, ಒಳಪೆಡಲ್ ಹೊಡೆದು, ಮಂಡಿ ತರಚಿಕೊಂಡು ಕಲಿತವರಿಗೆ ಇದು ಅತಿ ಮುದ್ದು ಅನ್ನಿಸಬಹುದು. ಆದರೆ ಒಳಪೆಡಲಿನಲ್ಲೂ ಧೈರ್ಯ ಕೊಟ್ಟದ್ದು ಕಾಲು ನೆಲಕ್ಕೆ ಹತ್ತಿರವಿದ್ದದ್ದೇ.

ಬೆಳಿಗ್ಗೆ ಬೇಗ, ಮೈದಾನ ಖಾಲಿ ಇರುವಾಗ, ಹೆಲ್ಮೆಟ್ ಹಾಕಿಸಿ ಕರೆದೊಯ್ಯಿರಿ. ಹಿಂಜರಿಯುವ ಕೆಲವು ಮಕ್ಕಳಿಗೆ ಬೀಳುವುದಕ್ಕಿಂತ ಬಿದ್ದಾಗ ನಗುವವರ ಭಯ ದೊಡ್ಡದು. ಮೊದಲು ಸೀಟಿನ ಮೇಲೆ ಕುಳಿತೇ ನಡೆಯಲಿ, ಬ್ರೇಕ್ ಹಿಡಿದು ನಿಲ್ಲಲಿ. ಹ್ಯಾಂಡಲ್ ಬಿಗಿಹಿಡಿದು ಬೆರಳ ಗೆಣ್ಣುಗಳು ಬಿಳಿಚಿಕೊಂಡಿರುತ್ತವೆ, ಕಣ್ಣು ಮುಂದಿನ ಚಕ್ರದ ಮೇಲೇ ನೆಟ್ಟಿರುತ್ತದೆ. ‘ಆ ಮರ ನೋಡು’ ಎನ್ನಿ. ನಿಧಾನಕ್ಕೆ ಮಗು ಕಾಲಿನಿಂದ ನೆಲ ಒದ್ದು ಜಾರಲು ಶುರುಮಾಡುತ್ತದೆ. ಪಾದ ಎತ್ತಿದಷ್ಟು ಹೊತ್ತು ಒಂದು, ಎರಡು, ಮೂರು ಎಂದು ಇಬ್ಬರೂ ಎಣಿಸಿ. ‘ಸಾಕು’ ಎಂದರೆ ಅಲ್ಲಿಗೇ ನಿಲ್ಲಿಸಿ. ಇಪ್ಪತ್ತು ನಿಮಿಷವೂ ಬೇಕಾದಷ್ಟಾಯಿತು.

ಎಣಿಕೆ ಹತ್ತರ ತನಕ ಹೋಗಿ, ತಿರುವಿನಲ್ಲೂ ಕಾಲು ಇಳಿಯದಿದ್ದರೆ ಪೆಡಲ್ ಮತ್ತೆ ಹಾಕಿ. ಕೆಲವರಿಗೆ ಎರಡು ದಿನ, ಕೆಲವರಿಗೆ ಎರಡು ವಾರ. ಒಂದು ಪೆಡಲ್ ಮುಂದಕ್ಕೆ, ತುಸು ಮೇಲಿರಲಿ. ಅದನ್ನು ತುಳಿದೇ ಹೊರಡಬೇಕು. ಹ್ಯಾಂಡಲ್ ನೀವು ಮುಟ್ಟಬೇಡಿ, ಬೆನ್ನಿಗೆ ಹಗುರವಾಗಿ ಕೈ ಕೊಡಿ. ‘ಹಿಡ್ಕೊಂಡಿದೀನಿ’ ಎಂದು ಸುಳ್ಳು ಹೇಳಿ ಮಾತ್ರ ಖಂಡಿತ ಬಿಡಬೇಡಿ. ಒಮ್ಮೆ ಹಾಗೆ ಬಿದ್ದ ಮಗು ಸೈಕಲ್ಲನ್ನಲ್ಲ, ನಿಮ್ಮನ್ನು ನಂಬುವುದು ಬಿಡುತ್ತದೆ. ‘ಈಗ ಬಿಡ್ಲಾ?’ ಎಂದು ಕೇಳಿ. ‘ಬೇಡ’ ಎಂದರೆ ಇನ್ನೊಂದು ಸುತ್ತು ಜೊತೆಗೇ ಓಡಿ.